ಎಂಟೂಕಾಲು ಅಡಿಯ ಕೆಂಪು

ಮಂಡ್ಯದ ಕಡೆ ಕಬ್ಬು ಬೆಳೆಯುವವರನ್ನು ಮಾತಿಗೆಳೆದರೆ ತಳಿ, ನಾಲೆ ನೀರು, ಗೊಬ್ಬರ ಎಲ್ಲ ಮುಗಿದ ಮೇಲೆ ಮಾತು ಸಾಲಿಗೆ ಬಂದೇ ಬರುತ್ತದೆ. ಸಾಲಿಂದ ಸಾಲಿಗೆ ಎಷ್ಟು ಬಿಟ್ಟಿದ್ದೀರಿ? ಹಿಂದೆ ಮೂರು ಅಡಿ ಬಿಡುತ್ತಿದ್ದರು. ಈಗ ಐದು ಬಿಡುವವರಿದ್ದಾರೆ, ಆರು ಬಿಡುವವರಿದ್ದಾರೆ. ನಡುವೆ ಟಿಲ್ಲರ್ ಓಡಾಡಲಿ, ಒಂದು ಬೆಳೆ ಅಲಸಂದೆಯನ್ನೂ ತೆಗೆಯೋಣ ಎಂದು ಎಂಟು ಅಡಿ ಬಿಡುವವರೂ ಇದ್ದಾರೆ. ಬಿಸಿಲು, ಗಾಳಿ, ಮರಿ ಒಡೆಯುವುದು, ಕೊನೆಗೆ ಎಕರೆಗೆ ಎಷ್ಟು ಟನ್ ಎಂಬುದು, ಎಲ್ಲವೂ ಆ ಅಡಿಲೆಕ್ಕದ ಮೇಲೆ ನಿಂತಿದೆ.

ಈಗ ಇನ್ನೊಂದು ಗದ್ದೆಯನ್ನು ನೆನೆಯಿರಿ. ಅಲ್ಲಿ ಸಾಲಿನ ಅಂತರ ಐದೂಕಾಲು ಅಡಿ ಇದ್ದರೆ ಇಡೀ ಗದ್ದೆ ನೀಲಿ. ಆರೂಕಾಲು ಅಡಿ ಬಿಟ್ಟರೆ ಹಸಿರು. ಎಂಟೂಕಾಲು ಬಿಟ್ಟರೆ ಕೆಂಪು. ತಳಿ ಅದೇ, ಮಣ್ಣು ಅದೇ, ಬೆಳೆಯ ಎತ್ತರವೂ ಅದೇ. ಬಣ್ಣ ಹಚ್ಚಿದವರು ಯಾರೂ ಇಲ್ಲ, ಅಂತರವೊಂದೇ ಬಣ್ಣವನ್ನು ತೀರ್ಮಾನಿಸುತ್ತದೆ.

ಇಂಥ ಗದ್ದೆ ಇದೆ. 2010ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಎಲ್. ಜೇ ಗುವೊ ಅವರ ತಂಡ ಅದನ್ನು ಮಾಡಿ ತೋರಿಸಿತು. ಅಲ್ಲಿನ ಬೆಳೆ ಅಲ್ಯೂಮಿನಿಯಂ. ಅಡಿಲೆಕ್ಕದಲ್ಲಿ ಕಾಣಬೇಕಾದರೆ ಮಾತ್ರ ಅದನ್ನು 70 ಲಕ್ಷ ಪಟ್ಟು ಹಿಗ್ಗಿಸಬೇಕು. ಇದ್ದಂತೆ ಹೇಳುವುದಾದರೆ ಕೆಂಪಿನ ಸಾಲುಗಳ ಅಂತರ 360 ನ್ಯಾನೊಮೀಟರ್, ಹಸಿರಿನದು 270, ನೀಲಿಯದು 230. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಸಿಗುವ ಒಂದು ಪಾಲು ಒಂದು ನ್ಯಾನೊಮೀಟರ್. ಈ ಸಾಲುಗಳಿಗೆ ವಿಜ್ಞಾನಿಗಳು ಕೊಟ್ಟ ಹೆಸರು ಪ್ಲಾಸ್ಮಾನಿಕ್ ನ್ಯಾನೊ ಅನುರಣಕ. ಬೆಳಕಿನಲ್ಲಿ ತಮಗೆ ಬೇಕಾದ ಬಣ್ಣವನ್ನಷ್ಟೇ ಆಚೆಗೆ ಬಿಟ್ಟು ಉಳಿದದ್ದನ್ನು ತಡೆಯುವ ಜರಡಿಗಳು ಅವು.

ನ್ಯಾನೊಮೀಟರ್ ಎಂದು ಎಷ್ಟು ಸಲ ಹೇಳಿದರೂ ಮನಸ್ಸಿಗೆ ಹತ್ತುವುದಿಲ್ಲ. ಅದಕ್ಕೇ ಕಿರುಬೆರಳ ಉಗುರಿನಷ್ಟಿರುವ ಒಂದು ಸೆಂಟಿಮೀಟರ್ ಚೌಕದ ಫಿಲ್ಟರನ್ನು ಮಂಡ್ಯ ಜಿಲ್ಲೆಯಷ್ಟು ದೊಡ್ಡದು ಮಾಡೋಣ. ಜಿಲ್ಲೆಯ ವಿಸ್ತೀರ್ಣ 4,961 ಚದರ ಕಿಲೋಮೀಟರ್. ಅದನ್ನು ಚೌಕವಾಗಿ ಜೋಡಿಸಿದರೆ ಒಂದೊಂದು ಬದಿ 70 ಕಿಲೋಮೀಟರಿಗೆ ತುಸು ಮೇಲೆ. ಮಂಡ್ಯದಿಂದ ಮದ್ದೂರಿಗೆ ಇರುವ ಸುಮಾರು 20 ಕಿಲೋಮೀಟರ್ ದಾರಿ ನಿಜವಾದ ಫಿಲ್ಟರಿನ ಮೇಲೆ ಮೂರು ಮಿಲಿಮೀಟರೂ ಆಗದು.

ಈ ಹಿಗ್ಗಿದ ಜಿಲ್ಲೆಯಲ್ಲಿ ನೀಲಿ ಫಿಲ್ಟರ್ ಎಂದರೆ, ಒಂದು ಗಡಿಯಿಂದ ಇನ್ನೊಂದು ಗಡಿಯವರೆಗೆ ಐದೂಕಾಲು ಅಡಿಗೊಂದರಂತೆ 43 ಸಾವಿರ ಸಾಲು. ಒಂದೊಂದು ಸಾಲಿನ ಉದ್ದ 70 ಕಿಲೋಮೀಟರ್. ಕೆರೆ, ಊರು, ಹೆದ್ದಾರಿ ಯಾವುದೂ ನಡುವೆ ಇಲ್ಲ. ಎಲ್ಲ ಸಾಲುಗಳನ್ನೂ ಒಂದಕ್ಕೊಂದು ಜೋಡಿಸಿದರೆ 30 ಲಕ್ಷ ಕಿಲೋಮೀಟರ್ ದಾಟುತ್ತದೆ, ಅಂದರೆ ಚಂದ್ರನಿಗೆ ನಾಲ್ಕು ಸಲ ಹೋಗಿ ಬಂದಷ್ಟು. ಉಗುರಿನಷ್ಟೇ ಇರುವ ನಿಜವಾದ ಫಿಲ್ಟರಿನಲ್ಲೂ ಸಾಲುಗಳ ಒಟ್ಟು ಉದ್ದ 430 ಮೀಟರಿಗಿಂತ ಹೆಚ್ಚು.

ಸಾಲಿನ ಹತ್ತಿರ ಹೋಗಿ ನಿಂತರೆ ಅದು ನಮ್ಮ ಎದೆಮಟ್ಟ, ನಾಲ್ಕು ಅಡಿ ಚಿಲ್ಲರೆ. ಅದರ ಕಟ್ಟಣೆ ಹೋಳಿಗೆಯ ಹಾಗೆ. ಕೆಳಗೊಂದು ಪದರ ಅಲ್ಯೂಮಿನಿಯಂ, 28 ಸೆಂಟಿಮೀಟರ್. ನಡುವೆ ಹೂರಣದಂತೆ ಜಿಂಕ್ ಸೆಲಿನೈಡ್ ಎಂಬ, ವಿದ್ಯುತ್ತಿಗೆ ದಾರಿ ಕೊಡದ ವಸ್ತು, 70 ಸೆಂಟಿಮೀಟರ್. ಮೇಲೆ ಮತ್ತೆ 28 ಸೆಂಟಿಮೀಟರ್ ಅಲ್ಯೂಮಿನಿಯಂ. ನಿಜದ ಅಳತೆಯಲ್ಲಿ ಇವು 40, 100, 40 ನ್ಯಾನೊಮೀಟರ್. ಇಷ್ಟು ಹಿಗ್ಗಿಸಿದ ಮೇಲೂ ಅಲ್ಯೂಮಿನಿಯಂನ ಒಂದು ಪರಮಾಣು ಸಾಸಿವೆ ಕಾಳಿನಷ್ಟೇ, ಎರಡು ಮಿಲಿಮೀಟರ್. ಒಂದು ಪದರವೆಂದರೆ ಸುಮಾರು 140 ಸಾಸಿವೆ ಕಾಳುಗಳ ಎತ್ತರ. ಇದೇ ಜಿಲ್ಲೆಯಲ್ಲಿ ತಲೆಗೂದಲೊಂದು ಬಿದ್ದರೆ ಅದರ ಅಗಲ ಅರ್ಧ ಕಿಲೋಮೀಟರಿಗೂ ಮೇಲೆ. ಊರಿಗೆ ಊರೇ ಅಡಿಯಾಗುತ್ತದೆ.

ನನ್ನನ್ನು ತುಂಬ ಹೊತ್ತು ಹಿಡಿದು ಕೂರಿಸಿದ್ದು ಬಣ್ಣಗಳ ನಡುವಿನ ಅಂತರ. ನೀಲಿಯ ಸಾಲಿಗೂ ಕೆಂಪಿನ ಸಾಲಿಗೂ ಇರುವ ವ್ಯತ್ಯಾಸ 130 ನ್ಯಾನೊಮೀಟರ್, ನಮ್ಮ ಗದ್ದೆಯಲ್ಲಿ ಮೂರು ಅಡಿ. ಹಸಿರು, ಹಳದಿ, ಕಿತ್ತಳೆ ಎಲ್ಲವೂ ಆ ಮೂರು ಅಡಿಯೊಳಗೇ ಬಂದುಹೋಗಬೇಕು. ಸಾಲನ್ನು ನಾಲ್ಕು ಬೆರಳು ಆಚೆ ನೆಟ್ಟರೆ ನೀಲಿಯಿಂದ ಕೆಂಪಿನ ಹಾದಿಯಲ್ಲಿ ಹದಿಮೂರರಲ್ಲಿ ಒಂದು ಪಾಲು ಸರಿದುಹೋದಿರಿ. 70 ಕಿಲೋಮೀಟರ್ ಉದ್ದದ 43 ಸಾವಿರ ಸಾಲುಗಳಲ್ಲಿ ನಾಲ್ಕು ಬೆರಳಿನ ತಪ್ಪಿಗೂ ಜಾಗವಿಲ್ಲ. ಹಗ್ಗ ಹಿಡಿದು, ಗೂಟ ನೆಟ್ಟು ಸಾಲು ಹೊಡೆದವರಿಗೆ ಇದರ ಕಷ್ಟ ಬೇರೆ ಯಾರಿಗಿಂತಲೂ ಬೇಗ ಅರ್ಥವಾಗುತ್ತದೆ.

ಹಾಗಾದರೆ ಅಂತರದಿಂದ ಬಣ್ಣ ಹೇಗೆ ಹುಟ್ಟುತ್ತದೆ? ಲೋಹದೊಳಗೆ ಯಾವ ಪರಮಾಣುವಿಗೂ ಕಟ್ಟುಬೀಳದ ಎಲೆಕ್ಟ್ರಾನುಗಳ ಹಿಂಡು ಓಡಾಡಿಕೊಂಡಿರುತ್ತದೆ. ಬೆಳಕು ಒಂದು ಅಲೆ. ಅದು ಬಂದು ತಾಗಿದಾಗ ಈ ಹಿಂಡು ಒಟ್ಟಾಗಿ ಅತ್ತ ಇತ್ತ ತೂಗುತ್ತದೆ. ತೇರಿನ ಹಗ್ಗ ಹಿಡಿದ ಜನ ಒಂದೇ ಕೂಗಿಗೆ ಒಂದೇ ಸಲ ಜಗ್ಗಿದ ಹಾಗೆ. ಒಬ್ಬೊಬ್ಬರೇ ಎಳೆದರೆ ಅಲುಗದ ತೇರು ಆಗ ಅಲುಗುತ್ತದೆ. ಹಿಂಡಿನ ಈ ಒಟ್ಟುತೂಗಾಟವೇ ಪ್ಲಾಸ್ಮಾನ್. ಸಾಲುಗಳ ಅಂತರಕ್ಕೆ ಸರಿಹೊಂದುವ ಅಲೆ ಬಂದರೆ ಅದು ಪ್ಲಾಸ್ಮಾನ್ ಆಗಿ ಮಾರ್ಪಟ್ಟು ಹೋಳಿಗೆಯ ಹೂರಣಕ್ಕೆ ಇಳಿಯುತ್ತದೆ, ಎರಡು ಲೋಹದ ನಡುವೆ ಸಿಕ್ಕಿ ಅಲ್ಲೇ ತೂಗುತ್ತದೆ, ಮತ್ತೆ ಆಚೆ ಬದಿಯಲ್ಲಿ ಬೆಳಕಾಗಿ ಹೊರಬೀಳುತ್ತದೆ. ಸರಿಹೊಂದದ ಅಲೆಗೆ ಒಳಗೆ ಜಾಗವಿಲ್ಲ. ಸಾಲಿಗೆ ಅಡ್ಡಲಾಗಿ ತೂಗುವ ಬೆಳಕಿಗೆ ಮಾತ್ರ ಈ ಬಾಗಿಲು ತೆರೆಯುವುದರಿಂದ ಹೊರಬರುವ ಬೆಳಕು ಒಂದೇ ದಿಕ್ಕಿನಲ್ಲಿ ತೂಗುವ ಬೆಳಕು. ಸಕ್ಕರೆ ಕಾರ್ಖಾನೆಯ ಲ್ಯಾಬಿನವರಿಗೆ ಅಂಥ ಬೆಳಕು ಹಳೆಯ ಪರಿಚಯ. ಕಬ್ಬಿನ ಹಾಲು ಅದನ್ನು ಎಷ್ಟು ತಿರುಗಿಸುತ್ತದೆ ಎಂದು ನೋಡಿಯೇ ಅವರು ‘ಪೋಲ್’, ಅಂದರೆ ಸಕ್ಕರೆಯ ಅಂಶ, ಎಷ್ಟೆಂದು ಬರೆದುಕೊಳ್ಳುವುದು.

ಮಿಶಿಗನ್ನಿನವರು ತಮ್ಮ ವಿಶ್ವವಿದ್ಯಾಲಯದ ‘ಎಂ’ ಅಕ್ಷರವನ್ನು ಹೀಗೇ ಬಿತ್ತಿ ತೋರಿಸಿದರು. ಅಕ್ಷರ ಹಳದಿ, ಸುತ್ತಲೂ ಕಡುನೀಲಿ. ಚಿತ್ರದ ಅಳತೆ 20 ಮೈಕ್ರಾನ್ ಉದ್ದ, 12 ಮೈಕ್ರಾನ್ ಅಗಲ. ನಮ್ಮ ಜಿಲ್ಲೆಯಲ್ಲಿ ಅದು ಹೆಚ್ಚುಕಡಿಮೆ ಮೂರು ಎಕರೆ ಹಿಡುವಳಿ. ಅಕ್ಷರ ಇರುವಲ್ಲಿ ಏಳು ಅಡಿ ಸಾಲು, ಸುತ್ತ ಐದು ಅಡಿ ಸಾಲು. ಬೇರೇನೂ ವ್ಯತ್ಯಾಸವಿಲ್ಲ. ಒಂದು ಉದ್ದನೆಯ ಅಕ್ಕಿ ಕಾಳಿನ ಮೇಲೆ ಇಂಥ ಚಿತ್ರಗಳನ್ನು ಹಾಸುತ್ತ ಹೋದರೆ 58 ಸಾವಿರ ಹಿಡಿಯುತ್ತವೆ. 2012ರಲ್ಲಿ ಸಿಂಗಪುರದ ವಿಜ್ಞಾನಿಗಳು ಬೆಳ್ಳಿ, ಚಿನ್ನದ ತೆಳು ಟೋಪಿ ತೊಟ್ಟ ಗೂಟಗಳಿಂದ ಬಣ್ಣದ ಚಿತ್ರ ಮುದ್ರಿಸಿದಾಗ ಒಂದು ಅಂಗುಲಕ್ಕೆ ಒಂದು ಲಕ್ಷ ಚುಕ್ಕಿ ಹಾಕಿದ್ದರು. ಒಂದು ಚದರ ಸೆಂಟಿಮೀಟರಿಗೆ ಸುಮಾರು 160 ಕೋಟಿ ಚುಕ್ಕಿ! ಅದಕ್ಕಿಂತ ಚಿಕ್ಕದು ಮಾಡಿ ಫಲವಿಲ್ಲ. ಬೆಳಕಿನ ಅಲೆಯೇ ಇನ್ನು ಅಷ್ಟು ಸಣ್ಣದನ್ನು ಬಿಡಿಬಿಡಿಯಾಗಿ ತೋರಿಸದು.

ಇದಕ್ಕೂ ಮೊದಲು, 1998ರಲ್ಲಿ, ಥಾಮಸ್ ಎಬ್ಬೆಸೆನ್ ಮತ್ತು ಜೊತೆಗಾರರು ಪ್ರಕಟಿಸಿದ ಫಲಿತಾಂಶವಂತೂ ಓದಿದವರನ್ನು ಕಂಗೆಡಿಸುವಂಥದ್ದು. 200 ನ್ಯಾನೊಮೀಟರ್ ದಪ್ಪದ ಬೆಳ್ಳಿಯ ಹಾಳೆ, ಅದರಲ್ಲಿ 150 ನ್ಯಾನೊಮೀಟರಿನ ತೂತುಗಳು, ತೂತಿಂದ ತೂತಿಗೆ 900. ಅದರ ಮೂಲಕ 1,370 ನ್ಯಾನೊಮೀಟರಿನ ಬೆಳಕು ದಾಟಿತು. ನಮ್ಮ ಗದ್ದೆಯ ಲೆಕ್ಕದಲ್ಲಿ ಹೇಳಬೇಕೆಂದರೆ, ಲೋಡು ತುಂಬಿದ ಕಬ್ಬಿನ ಲಾರಿಯಷ್ಟು, ಒಂಬತ್ತೂವರೆ ಮೀಟರ್ ಉದ್ದದ ಅಲೆ ಒಂದು ಮೀಟರಿನ ಕಂಡಿಯಲ್ಲಿ ನುಸುಳಿಹೋಯಿತು. 1944ರಲ್ಲಿ ಹಾನ್ಸ್ ಬೆತೆ ಮಾಡಿದ ಲೆಕ್ಕದ ಪ್ರಕಾರ ಇಂಥ ತೂತಿನಲ್ಲಿ ಬೆಳಕು ದಾಟುವುದು ನಾಮಮಾತ್ರಕ್ಕೆ. ಎಬ್ಬೆಸೆನ್ ಕಂಡದ್ದೋ, ತೂತುಗಳ ಮೇಲೆ ನೇರವಾಗಿ ಬಿದ್ದುದಕ್ಕಿಂತಲೂ ಹೆಚ್ಚು ಬೆಳಕು ಆಚೆ ಬಂದಿತ್ತು. ತೂತುಗಳ ನಡುವಿನ ಲೋಹಕ್ಕೆ ಬಿದ್ದ ಬೆಳಕನ್ನೂ ಅದರ ಎಲೆಕ್ಟ್ರಾನುಗಳು ತೂತಿನತ್ತ ಸಾಗಿಸಿದ್ದವು.

ಇದೆಲ್ಲ ದೂರದೇಶದ ಪ್ರಯೋಗಾಲಯದ ಸಂಗತಿ ಎನಿಸಬಹುದು. ಆದರೆ ಪ್ಲಾಸ್ಮಾನಿನ ಬಣ್ಣವನ್ನು ಮಳವಳ್ಳಿಯ ಯಾವ ಮೆಡಿಕಲ್ ಸ್ಟೋರಿನಲ್ಲಾದರೂ ಕೊಳ್ಳಬಹುದು. ಗರ್ಭ ನಿಂತಿದೆಯೇ ಎಂದು ನೋಡುವ ಪಟ್ಟಿಯಲ್ಲಿ ಮೂಡುವ ಗುಲಾಬಿ ಗೆರೆಯನ್ನು ನೋಡಿರುತ್ತೀರಿ. ಕೋವಿಡ್ ಕಾಲದಲ್ಲಿ ಮೂಗಿನ ದ್ರವ ಹಾಕಿ ಕಾಲು ಗಂಟೆ ಎದೆ ಹಿಡಿದುಕೊಂಡು ಕಾದ ಕಿಟ್‌ಗಳಲ್ಲಿ ಬಹುಪಾಲಿಗೂ ಅದೇ ಗೆರೆ. ಸಾಮಾನ್ಯವಾಗಿ ಅದು ಬಣ್ಣದ ಪುಡಿಯಲ್ಲ, ಚಿನ್ನ. ಸುಮಾರು 40 ನ್ಯಾನೊಮೀಟರಿನ ಚಿನ್ನದ ಉಂಡೆಗಳು ಬಂದು ಸಾಲುಗಟ್ಟಿದಾಗ ಕೆಂಪು ಕಾಣುತ್ತದೆ. ಆ ಅಳತೆಯಲ್ಲಿ ಚಿನ್ನ ಹಳದಿಯಾಗಿರುವುದಿಲ್ಲ. ಅದರ ಎಲೆಕ್ಟ್ರಾನುಗಳು ಹಸಿರು ಬೆಳಕಿನ ತಾಳಕ್ಕೆ ತೂಗಿ ಹಸಿರನ್ನು ನುಂಗಿಬಿಡುತ್ತವೆ, ನಮ್ಮ ಕಣ್ಣಿಗೆ ಉಳಿಯುವುದು ಕೆಂಪು.

ಆ ಒಂದು ಉಂಡೆ ನಮ್ಮ ಹಿಗ್ಗಿದ ಜಿಲ್ಲೆಯಲ್ಲಿ ಮದ್ದೂರಿನ ಮಾರುಕಟ್ಟೆಗೆ ಬರುವ ದಪ್ಪ ಎಳನೀರಿನಷ್ಟು. ಅದರೊಳಗೆ ಸುಮಾರು 20 ಲಕ್ಷ ಚಿನ್ನದ ಪರಮಾಣು, ಪರಮಾಣುವಿಗೆ ಒಂದರಂತೆ 20 ಲಕ್ಷ ಸ್ವತಂತ್ರ ಎಲೆಕ್ಟ್ರಾನು. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಜನಸಂಖ್ಯೆ 18 ಲಕ್ಷ ಚಿಲ್ಲರೆ. ಜಿಲ್ಲೆಗೆ ಜಿಲ್ಲೆಯೇ ಒಂದು ಹಗ್ಗ ಹಿಡಿದು ಒಂದೇ ತಾಳಕ್ಕೆ ಜಗ್ಗಿದಂತೆ! ಒಂದು ಗ್ರಾಂ ಚಿನ್ನದಲ್ಲಿ ಇಂಥ ಉಂಡೆಗಳು ಎಷ್ಟಾಗುತ್ತವೆ ಎಂದು ಲೆಕ್ಕ ಹಾಕಿದೆ. ಹದಿನೈದೂವರೆ ಕೋಟಿ ಕೋಟಿ. ಭೂಮಿಯ ಮೇಲಿನ ಪ್ರತಿಯೊಬ್ಬರಿಗೂ ಹಂಚಿದರೆ ತಲೆಗೆ 1 ಲಕ್ಷ 90 ಸಾವಿರ ಉಂಡೆ.

ಚಿನ್ನದ ಮಾತು ಬಂದ ಮೇಲೆ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರವನ್ನು ಬಿಟ್ಟು ಮುಂದೆ ಹೋಗಲಾಗದು. ಜನ ಇಂದಿಗೂ ‘ಬ್ಲಫ್’ ಎಂದೇ ಕರೆಯುವ ಅಲ್ಲಿನ ವಿದ್ಯುದಾಗಾರದಿಂದ 1902ರ ಜೂನ್ 30ರಂದು ಕರೆಂಟು ಹರಿದದ್ದು ಮೈಸೂರಿನ ಅರಮನೆಗಲ್ಲ, ಬೆಂಗಳೂರಿನ ಬೀದಿಗೂ ಅಲ್ಲ. ಬೆಂಗಳೂರಿಗೆ ಅದು ತಲುಪಿದ್ದು ಮೂರು ವರ್ಷದ ಮೇಲೆ. ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೊಂದು. ಗಗನಚುಕ್ಕಿಯಲ್ಲಿ ಧುಮುಕಬೇಕಾಗಿದ್ದ ಕಾವೇರಿಯ ನೀರು ಕೊಳವೆಗಳಲ್ಲಿ ಇಳಿದು, ತಂತಿಯ ಎಲೆಕ್ಟ್ರಾನುಗಳನ್ನು ತೂಗಿಸಿ, ಪಾತಾಳದಿಂದ ಚಿನ್ನವನ್ನು ಮೇಲಕ್ಕೆತ್ತಿತು.

ಅದೇ 1902ರಲ್ಲಿ ಅಮೆರಿಕದಲ್ಲಿ ರಾಬರ್ಟ್ ವುಡ್ ಎಂಬ ಭೌತವಿಜ್ಞಾನಿ ಸಣ್ಣ ಗೀರುಗಳನ್ನು ಎಳೆದ ಲೋಹದ ಫಲಕವೊಂದರ ಮೇಲೆ ಬೆಳಕು ಬಿಟ್ಟು ನೋಡುತ್ತಿದ್ದರು. ಕಾಮನಬಿಲ್ಲಿನ ಪಟ್ಟಿಯಲ್ಲಿ ನಡುನಡುವೆ ಇದ್ದಕ್ಕಿದ್ದಂತೆ ಕಪ್ಪು, ಇದ್ದಕ್ಕಿದ್ದಂತೆ ಹೊಳಪು. ಯಾಕೆ ಹೀಗೆ ಎಂದು ಅವರಿಗೆ ತಿಳಿಯಲಿಲ್ಲ. ಲೋಹದ ಮೈಮೇಲೆ ಅಲೆಯೊಂದು ಹರಿಯುತ್ತದೆ ಎಂದು ಯೂಗೊ ಫಾನೊ 1941ರಲ್ಲಿ ವಿವರಿಸಿದರು. ರೂಫಸ್ ರಿಚಿ 1957ರಲ್ಲಿ ಅದು ಎಲೆಕ್ಟ್ರಾನುಗಳ ಒಟ್ಟುತೂಗಾಟ ಎಂಬುದಕ್ಕೆ ಗಣಿತ ಒದಗಿಸಿದರು. ಬ್ಲಫ್‌ನಲ್ಲಿ ತಿರುಗಣಿ ತಿರುಗಿದ ವರ್ಷವೇ ಪ್ಲಾಸ್ಮಾನ್ ಮೊದಲ ಸಲ ಮುಖ ತೋರಿಸಿತ್ತು ಎಂಬುದು ಬರೀ ಕಾಕತಾಳೀಯ. ಆದರೂ ಎರಡೂ ಲೋಹದೊಳಗಿನ ಎಲೆಕ್ಟ್ರಾನುಗಳನ್ನು ತೂಗಿಸುವ ಕೆಲಸವೇ ಅಲ್ಲವೇ? ವ್ಯತ್ಯಾಸ ಇರುವುದು ವೇಗದಲ್ಲಿ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ತೂಗುತ್ತದೆ. ಚಿನ್ನದ ಉಂಡೆಯಲ್ಲಿನ ಎಲೆಕ್ಟ್ರಾನುಗಳು ಸೆಕೆಂಡಿಗೆ ಐದೂಮುಕ್ಕಾಲು ಕೋಟಿ ಕೋಟಿ ಸಲದ ಆಸುಪಾಸಿನಲ್ಲಿ ತೂಗುತ್ತವೆ. 120 ವರ್ಷ ಹಗಲೂ ಇರುಳೂ ನಿಲ್ಲದೆ ಸೆಕೆಂಡಿಗೆ 50ರಂತೆ ತೂಗಿದರೆ ಆಗುವ ಒಟ್ಟು ತೂಗಾಟವನ್ನು ಅವು ಮುಗಿಸಲು ಸೆಕೆಂಡಿನ ಮೂರು ಸಾವಿರದಲ್ಲಿ ಒಂದು ಪಾಲು ಸಾಕು. ಹಾಗೆಂದು ಅಷ್ಟು ಹೊತ್ತು ಅವು ತೂಗುವುದೂ ಇಲ್ಲ. ಒಂದು ಸಲ ತಳ್ಳಿಬಿಟ್ಟರೆ ಐದಾರು, ಹೆಚ್ಚೆಂದರೆ ಹತ್ತು ಸಲ ತೂಗುತ್ತವೆ, ಅಷ್ಟರಲ್ಲಿ ಆ ತೂಗಾಟ ಬಿಸಿಯಾಗಿ ಕರಗಿಹೋಗುತ್ತದೆ.

ಕೋಲಾರದ ಗಣಿ ಸುಮಾರು 120 ವರ್ಷಗಳಲ್ಲಿ ಕೊಟ್ಟ ಚಿನ್ನ ಹತ್ತಿರಹತ್ತಿರ 800 ಟನ್. ಅಷ್ಟನ್ನೂ ಕರಗಿಸಿ ಎರಕ ಹೊಯ್ದರೆ ಹನ್ನೊಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಒಂದು ಕೋಣೆ. ಸಾವಿರಾರು ಜನರ ಆಯುಸ್ಸು ಮೂರು ಕಿಲೋಮೀಟರ್ ಆಳದಲ್ಲಿ ಸವೆದು ಬಂದದ್ದು ಒಂದು ಕೋಣೆಯಷ್ಟು ಚಿನ್ನ ಎಂದು ಲೆಕ್ಕ ಹಾಕಿದ ದಿನ ನನಗೆ ಬಹಳ ಹೊತ್ತು ಬೇರೇನೂ ತೋಚಲಿಲ್ಲ. ಆ ಕೋಣೆಯನ್ನು ನೂರು ನ್ಯಾನೊಮೀಟರಿನ ರೇಕಾಗಿ ಬಡಿದು ಹಾಸಿದರೆ ಮಾತ್ರ 415 ಚದರ ಕಿಲೋಮೀಟರ್, ಮಂಡ್ಯ ಜಿಲ್ಲೆಯ ಹನ್ನೆರಡರಲ್ಲಿ ಒಂದು ಪಾಲು ಮುಚ್ಚುತ್ತದೆ. ಮೈಸೂರು ಶೈಲಿಯ ಚಿತ್ರ ಬರೆಯುವವರು ದೇವರ ಕಿರೀಟಕ್ಕೆ ಅಂಟಿಸುವ ಚಿನ್ನದ ರೇಕು ಆ ತೆಳುವಿನ ಬಂಧು. ಅಷ್ಟು ತೆಳುವಾದ ರೇಕನ್ನು ಎತ್ತಿ ಕಿಟಕಿಗೆ ಹಿಡಿದರೆ ಅದರ ಮೂಲಕ ಬರುವ ಬೆಳಕು ಹಸಿರು. ಮುಂದಿನಿಂದ ಹಳದಿ, ಹಿಂದಿನಿಂದ ಹಸಿರು, ಉಂಡೆಯಾದರೆ ಕೆಂಪು. ಬಣ್ಣ ನೋಡಿ ಚಿನ್ನವನ್ನು ಗುರುತಿಸುವವರು ನಾವು. ಅದರ ಬಣ್ಣಗಳಲ್ಲಿ ನಮಗೆ ಪರಿಚಯ ಇದ್ದದ್ದು ಒಂದೇ.

ಕೋಲಾರದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಸಿ. ವಿ. ರಾಮನ್ ತಮ್ಮ ಪರಿಣಾಮವನ್ನು ಕಂಡುಹಿಡಿದ ನೆನಪಿಗೆ ದೇಶವೆಲ್ಲ ವಿಜ್ಞಾನ ದಿನ ಆಚರಿಸುವ ದಿನ ಅದು. ರಾಮನ್ ಕಂಡ ಬೆಳಕು ಬಲು ಕ್ಷೀಣ. ಚದುರುವ ಬೆಳಕಿನ ಕಣಗಳಲ್ಲಿ ಕೋಟಿಗೊಂದು ಎಂಬಷ್ಟು ಅಪರೂಪ. ಬೆಳಕನ್ನು ಹಾಗೆ ಚದುರಿಸುವ ವಸ್ತುವನ್ನು ಚಿನ್ನ ಅಥವಾ ಬೆಳ್ಳಿಯ ನ್ಯಾನೊ ಉಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ಇಟ್ಟರೆ ಪ್ಲಾಸ್ಮಾನುಗಳು ಆ ಬೆಳಕನ್ನು ಹತ್ತು ಲಕ್ಷ ಪಟ್ಟು, ಕೆಲವು ಸಲ ಅದಕ್ಕೂ ಎಷ್ಟೋ ಪಟ್ಟು ಹೆಚ್ಚಿಸುತ್ತವೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಈ ದಾರಿಯಲ್ಲಿ ಕೆಲಸ ನಡೆದಿದೆ.

ಇಂಥ ಸಾಲುಗಳನ್ನು ನೆಡಬಲ್ಲ ಸಲಕರಣೆ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಲ್ಲಿದೆ. ಎಲೆಕ್ಟ್ರಾನುಗಳ ಕಿರಣವನ್ನೇ ಲೇಖನಿ ಮಾಡಿ ಒಂದೊಂದೇ ಸಾಲು ಬರೆಯಬೇಕು. ಸೆಕೆಂಡಿಗೆ ಲಕ್ಷ ಚುಕ್ಕಿ ಇಟ್ಟರೂ ಒಂದು ಚದರ ಸೆಂಟಿಮೀಟರಿನ 160 ಕೋಟಿ ಚುಕ್ಕಿಗೆ ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಬೇಕು. ಆ ಹೊತ್ತಿನಲ್ಲಿ ದೂಳು ಬೀಳಬಾರದು. ಅರ್ಧ ಮೈಕ್ರಾನಿನ ದೂಳು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಹಿಗ್ಗಿದ ಮಂಡ್ಯದಲ್ಲಿ ಅದು ಹನ್ನೊಂದೂವರೆ ಅಡಿಯ ಬಂಡೆ. ಎದೆಮಟ್ಟದ ಕಬ್ಬಿನ ಮೇಲೆ ಅಂಥದ್ದು ಉರುಳಿದರೆ ಸಾಲು ಉಳಿಯುತ್ತದೆಯೇ? ಅದಕ್ಕೇ ಕೆಲಸಗಾರರು ಅಡಿಯಿಂದ ಮುಡಿಯವರೆಗೆ ಮುಸುಕು ಹಾಕಿಕೊಂಡು ಒಳಗೆ ಹೋಗುತ್ತಾರೆ. ನೂರನೇ ದರ್ಜೆಯ ಸ್ವಚ್ಛ ಕೋಣೆಯೆಂದರೆ ಒಂದು ಘನ ಅಡಿ ಗಾಳಿಯಲ್ಲಿ ಅಂಥ ಬಂಡೆ ನೂರಕ್ಕಿಂತ ಹೆಚ್ಚು ಇರಕೂಡದು.

ಇಷ್ಟೆಲ್ಲ ಮಾಡಿಯೂ ಬೆಳಕಿನ ಒಂದು ದೊಡ್ಡ ಪಾಲು ಲೋಹದಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ. ನಮ್ಮ ಮೊಬೈಲ್ ಕ್ಯಾಮೆರಾದಲ್ಲಿ ಇಂದಿಗೂ ಇರುವುದು ಬಣ್ಣ ಹಚ್ಚಿದ ಫಿಲ್ಟರ್. ಅಷ್ಟೊಂದು ಬೆಳಕನ್ನು ಅದು ಪೋಲು ಮಾಡುವುದಿಲ್ಲ. ಲೋಹದ ಸಾಲುಗಳ ಬಲ ಬೇರೆ ಕಡೆ ಇದೆ. ಅವುಗಳ ಬಣ್ಣ ಬಿಸಿಲಿಗೆ ಮಾಸುವಂಥದ್ದಲ್ಲ, ಕೆಂಪು, ಹಸಿರು, ನೀಲಿಗೆ ಮೂರು ಸಲ ಬೇರೆಬೇರೆ ಬಣ್ಣ ಬಳಿಯಬೇಕಿಲ್ಲ, ಒಂದೇ ಸಲಕ್ಕೆ ಮೂರನ್ನೂ ನೆಡಬಹುದು. ಮೈಕೆಲ್ ಫ್ಯಾರಡೆ 1850ರ ದಶಕದಲ್ಲಿ ಮಾಡಿಟ್ಟ ಚಿನ್ನದ ಕೆಂಪು ನೀರು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸೀಸೆಯಲ್ಲಿ ಇನ್ನೂ ಕೆಂಪಾಗಿಯೇ ಇದೆ.

ಲೋಹವೇ ಇಲ್ಲದೆ, ಸಾಲಿನ ಅಂತರದಿಂದಲೇ ಬಣ್ಣ ತೆಗೆಯುವ ಜೀವವೊಂದು ಮದ್ದೂರು, ಮಳವಳ್ಳಿಯ ಹೊಲಗಳಲ್ಲಿ ದಿನವೂ ಕಾಳು ಹೆಕ್ಕುತ್ತಿರುತ್ತದೆ. ನವಿಲಿನ ಗರಿಯಲ್ಲಿ ನೀಲಿಯೂ ಇಲ್ಲ, ಹಸಿರೂ ಇಲ್ಲ. ಗರಿಯನ್ನು ಅರೆದು ಪುಡಿ ಮಾಡಿದರೆ ಉಳಿಯುವುದು ಮಣ್ಣುಬಣ್ಣ. ಒಳಗೆ ಇರುವುದು ನಮ್ಮ ಕೂದಲಲ್ಲಿರುವಂಥದೇ ಮೆಲನಿನ್ ಕಡ್ಡಿಗಳು, ಚೌಕಟ್ಟಾಗಿ ನೆಟ್ಟ ಹಾಗೆ. 2003ರಲ್ಲಿ ಚೀನಾದ ವಿಜ್ಞಾನಿಗಳು ಅಳೆದು ನೋಡಿದಾಗ ನೀಲಿ ಇರುವಲ್ಲಿ ಕಡ್ಡಿಗಳ ಅಂತರ 140 ನ್ಯಾನೊಮೀಟರ್, ಹಸಿರಲ್ಲಿ 150, ಹಳದಿಯಲ್ಲಿ 165. ಹಿಗ್ಗಿದ ಮಂಡ್ಯದ ಲೆಕ್ಕಕ್ಕೆ ತಂದರೆ ನೀಲಿಗೆ ಮೂರೂಕಾಲು ಅಡಿ, ಹಸಿರಿಗೆ ಮೂರೂವರೆ, ಹಳದಿಗೆ ಮೂರೂಮುಕ್ಕಾಲು. ಒಂದು ಬಣ್ಣಕ್ಕೂ ಇನ್ನೊಂದಕ್ಕೂ ನಡುವೆ ಮೂರು ನಾಲ್ಕು ಅಂಗುಲ. ಉದುರಿದ ಗರಿಯ ಕಣ್ಣಿನಲ್ಲಿ ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗುವ ಕಡೆ ಬೆರಳಿಟ್ಟರೆ, ಅಲ್ಲೇ ಬೆರಳಡಿಯಲ್ಲಿ ಸಾಲು ಮೂರು ಅಂಗುಲ ಸರಿದಿರುತ್ತದೆ.